ಪಿ.ಟಿ. ಪೀರಿಯಡ್‌ನಲ್ಲಿ ತೂಕದ ಯಂತ್ರ: ಶಾಲೆ ಮಕ್ಕಳ ಬಿಎಂಐ ನಿಜಕ್ಕೂ ಏನು ಹೇಳುತ್ತದೆ?

ಫಿಟ್‌ನೆಸ್ ಪರೀಕ್ಷೆಯ ದಿನ ಮಕ್ಕಳು ಓಡುತ್ತಾರೆ, ಪುಶ್-ಅಪ್ ಹೊಡೆಯುತ್ತಾರೆ, ಕಾಲು ಚಾಚಿ ಕೂತು ಬಗ್ಗಿ ಬೆರಳು ಮುಟ್ಟುತ್ತಾರೆ. ಇದರ ಮಧ್ಯೆ ಒಂದು ಮೂಲೆಯಲ್ಲಿ ತೂಕದ ಯಂತ್ರ ಇರುತ್ತದೆ, ಪಕ್ಕದ ಗೋಡೆಗೆ ಅಂಟಿಸಿದ ಟೇಪು. ಅಲ್ಲಿ ಮಗು ಏನೂ ಮಾಡಬೇಕಾಗಿಲ್ಲ, ಸುಮ್ನೆ ನಿಂತರೆ ಸಾಕು. ಪಿ.ಟಿ. ಮೇಷ್ಟ್ರು ತೂಕ ಓದಿ ಹೇಳುತ್ತಾರೆ, ಒಬ್ಬ ಹುಡುಗ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಸಾಲಿನಲ್ಲಿ ನಿಂತವರಿಗೆಲ್ಲ ಅದು ಕೇಳಿಸುತ್ತದೆ. ಆಮೇಲೆ ಓಟದ ಸಮಯ, ಪುಶ್-ಅಪ್ ಎಣಿಕೆ ಇರುವ ಅದೇ ಹಾಳೆಗೆ ಇನ್ನೊಂದು ಅಂಕೆ ಸೇರುತ್ತದೆ. ಅದೇ ಬಿಎಂಐ, ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಎಂಐ ಕೆಲಸಕ್ಕೆ ಬಾರದ ಲೆಕ್ಕವೇನಲ್ಲ, ಸರಿಯಾದ ಜಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ಫಿಟ್‌ನೆಸ್ ಅಳೆಯುವುದಿಲ್ಲ. ಹಾಗಾಗಿ ಫಿಟ್‌ನೆಸ್ ಹಾಳೆಯಲ್ಲಿ ಅದಕ್ಕೆ ಜಾಗ ಬೇಕಿಲ್ಲ. ಯಾಕೆ ಅನ್ನುವುದಕ್ಕೆ ಆ ಅಂಕೆ ಹೇಗೆ ಹುಟ್ಟಿತು ಅನ್ನುವುದರಿಂದ ಶುರು ಮಾಡಬೇಕು.

ಲೆಕ್ಕ ಬಹಳ ಸುಲಭ. ತೂಕವನ್ನು ಕೆ.ಜಿ.ಯಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಳ್ಳಿ. ತೂಕವನ್ನು ಎತ್ತರದಿಂದ ಭಾಗಿಸಿ, ಬಂದದ್ದನ್ನು ಇನ್ನೊಮ್ಮೆ ಎತ್ತರದಿಂದ ಭಾಗಿಸಿ. 1.40 ಮೀಟರ್ ಎತ್ತರ, 36 ಕೆ.ಜಿ. ತೂಕ ಇದ್ದರೆ ಬಿಎಂಐ 18.4. ಅಷ್ಟೇ. ಇದರಲ್ಲಿ ವಯಸ್ಸು ಬರಲಿಲ್ಲ, ಹುಡುಗನೋ ಹುಡುಗಿಯೋ ಅನ್ನುವುದು ಬರಲಿಲ್ಲ. ಆ 36 ಕೆ.ಜಿ.ಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ಮೂಳೆಯೆಷ್ಟು ಅನ್ನುವುದೂ ಬರಲಿಲ್ಲ. ತೂಕದ ಯಂತ್ರಕ್ಕೆ ಎಲ್ಲಾ ಒಂದೇ.

ಈ ಸೂತ್ರದ ಮೂಲ ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆಟ್. ಆತ ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದ ಮನುಷ್ಯ. 1830ರ ದಶಕದಲ್ಲಿ ಆತ ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನುವುದನ್ನು. ಬೊಜ್ಜಿನ ಯೋಚನೆ ಆತನಿಗೆ ಇರಲೇ ಇಲ್ಲ. ಪೂರ್ತಿ ಬೆಳೆದವರಲ್ಲಿ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ, ಅಂದರೆ ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ ಎಂದು ಆತ ಕಂಡುಕೊಂಡ. ಇನ್ನೊಂದು ಮಾತನ್ನೂ ಆತ ಬರೆದಿದ್ದ, ಅದನ್ನು ಶಾಲೆಗಳಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ. ಬೆಳೆಯುತ್ತಿರುವ ವಯಸ್ಸಿನಲ್ಲಿ ಈ ನಿಯಮ ಹೊಂದುವುದಿಲ್ಲ, ಅಲ್ಲಿ ತೂಕದ ವರ್ಗ ಎತ್ತರದ ಐದನೇ ಘಾತಕ್ಕೆ ಹೊಂದುತ್ತದೆ ಎಂದಿದ್ದ. ಅಂದರೆ ಎತ್ತರದ ಘಾತ 2 ಅಲ್ಲ, 2.5. ಸೂತ್ರ ಕೊಟ್ಟವನೇ ಮಕ್ಕಳ ವಿಷಯ ಬೇರೆ ಎಂದು ಹೇಳಿಯಾಗಿತ್ತು! ವಯಸ್ಸಿಗಿಂತ ಎತ್ತರ ಬೆಳೆದ ಮಗುವಿಗೆ, ಮೈಕಟ್ಟು ಗೆಳೆಯರ ಹಾಗೇ ಇದ್ದರೂ, ಬಿಎಂಐ ಸ್ವಲ್ಪ ಜಾಸ್ತಿ ಬರುವುದಕ್ಕೆ ಇದೂ ಒಂದು ಕಾರಣ.

ನೂರಕ್ಕೂ ಹೆಚ್ಚು ವರ್ಷ ಈ ಸೂತ್ರ ಮೂಲೆಯಲ್ಲಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು 5 ದೇಶಗಳ ಸುಮಾರು 7,400 ಗಂಡಸರ ಅಳತೆ ಇಟ್ಟುಕೊಂಡು ಬೇರೆ ಬೇರೆ ಸೂತ್ರಗಳನ್ನು ಹೋಲಿಸಿದರು. ಇದ್ದುದರಲ್ಲಿ ಇದೇ ವಾಸಿ ಎಂದು ಆರಿಸಿ, ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಆ ಪಟ್ಟಿಯಲ್ಲಿ ಮಕ್ಕಳಿರಲಿಲ್ಲ, ಹೆಂಗಸರೂ ಇರಲಿಲ್ಲ. ಜನಸಮೂಹಗಳನ್ನು ಹೋಲಿಸುವ ಸಂಶೋಧಕರಿಗೆ ಸುಲಭದ ಒಂದು ಅಂಕೆ ಬೇಕಿತ್ತು, ಅದು ಸಿಕ್ಕಿತು.

18.5ರ ಕಥೆ

ದೊಡ್ಡವರ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ, 25 ಮುಟ್ಟಿದರೆ ಜಾಸ್ತಿ, 30 ಮುಟ್ಟಿದರೆ ಬೊಜ್ಜು. ಏಷ್ಯಾದವರಿಗೆ ಇದಕ್ಕಿಂತ ಮುಂಚೆಯೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತದೆ ಎಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 23 ಮತ್ತು 27.5 ಎಂಬ ಎರಡು ಗುರುತುಗಳನ್ನು ಸೇರಿಸಿದರು. ಫೋನಿನಲ್ಲಿ ಸಿಗುವ ಬಿಎಂಐ ಕ್ಯಾಲ್ಕುಲೇಟರ್‌ಗಳಲ್ಲಿ ಎಷ್ಟೋ, ದೊಡ್ಡವರ ಈ ಲೆಕ್ಕವನ್ನೇ ತೋರಿಸುತ್ತವೆ.

ಮಕ್ಕಳಿಗೆ ಇದು ಹೊಂದುವುದೇ ಇಲ್ಲ. ಹುಟ್ಟಿದ ಮೊದಲ ವರ್ಷ ಬಿಎಂಐ ಏರುತ್ತದೆ, ಆಮೇಲೆ ಇಳಿಯುತ್ತದೆ, ಐದಾರು ವರ್ಷಕ್ಕೆ ತಳ ಮುಟ್ಟಿ ಮತ್ತೆ ಏರಲು ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ 5 ವರ್ಷದ ಹುಡುಗರ ನಡುಮಧ್ಯದ ಬಿಎಂಐ 15.3. 10 ವರ್ಷಕ್ಕೆ ಅದು 16.4, 15 ವರ್ಷಕ್ಕೆ 19.8. ಚೆನ್ನಾಗಿ ಬೆಳೆಯುತ್ತಿರುವ ಹುಡುಗನ ಬಿಎಂಐ ಏರಲೇಬೇಕು. 'ಮುಂದಿನ ಪರೀಕ್ಷೆ ಹೊತ್ತಿಗೆ ಬಿಎಂಐ ಇಳಿಸಿಕೊಂಡು ಬಾ' ಎಂದು ಆರನೇ ಕ್ಲಾಸಿನ ಹುಡುಗನಿಗೆ ಹೇಳುವವರಿಗೆ ಈ ಏರಿಕೆಯ ವಿಷಯ ಗೊತ್ತಿರುವುದಿಲ್ಲ.

ಈಗ 18.5 ಅನ್ನುವ ಅಂಕೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ದೊಡ್ಡವರ ಲೆಕ್ಕದಲ್ಲಿ ಇದು 'ತೂಕ ಕಡಿಮೆ' ಮುಗಿಯುವ ಗೆರೆ. 10 ವರ್ಷ ತುಂಬಿದ ಹುಡುಗನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ 'ತೂಕ ಜಾಸ್ತಿ' ಶುರುವಾಗುವ ಗೆರೆಯೂ ಇದೇ 18.5. ಅಂದರೆ ದೊಡ್ಡವರ ಪಟ್ಟಿ ಇಟ್ಟುಕೊಂಡು ಹತ್ತು ವರ್ಷದ ಹುಡುಗರನ್ನು ಅಳೆದರೆ, ಆ ಚಾರ್ಟ್‌ನ ನೂರು ಹುಡುಗರಲ್ಲಿ ಸುಮಾರು 84 ಜನ 'ತೂಕ ಕಡಿಮೆ' ಎಂದು ಬರುತ್ತಾರೆ. ಉಳಿದವರಲ್ಲಿ ಬಹುಪಾಲು 'ಸರಿಯಾಗಿದ್ದಾರೆ' ಎಂದು ಬರುತ್ತಾರೆ, ಆದರೆ ಮಕ್ಕಳ ಚಾರ್ಟ್ ನಿಗಾ ಇಡಿ ಎಂದು ಹೇಳುವುದು ಅವರ ಬಗ್ಗೆಯೇ. ಪಟ್ಟಿ ತಪ್ಪಿದರೆ ಫಲಿತಾಂಶ ಹೀಗೆ ಪೂರ್ತಿ ತಲೆಕೆಳಗಾಗುತ್ತದೆ.

ಅದಕ್ಕೇ ಮಕ್ಕಳ ಬಿಎಂಐಯನ್ನು ಅದೇ ವಯಸ್ಸಿನ ಮಕ್ಕಳ ಜೊತೆಗೆ, ಹುಡುಗರನ್ನು ಹುಡುಗರ ಜೊತೆ, ಹುಡುಗಿಯರನ್ನು ಹುಡುಗಿಯರ ಜೊತೆ ಹೋಲಿಸಬೇಕು. ಇದಕ್ಕೆ ಪರ್ಸೆಂಟೈಲ್ ಅನ್ನುತ್ತಾರೆ. ಮಗು 60ನೇ ಪರ್ಸೆಂಟೈಲ್‌ನಲ್ಲಿದೆ ಅಂದರೆ ಹೋಲಿಕೆಗೆ ತೆಗೆದುಕೊಂಡ ನೂರು ಮಕ್ಕಳಲ್ಲಿ ಅರವತ್ತು ಮಕ್ಕಳ ಬಿಎಂಐ ಇದರದ್ದಕ್ಕಿಂತ ಕಡಿಮೆ ಎಂದರ್ಥ. ಇದು ಪರೀಕ್ಷೆಯ ಪರ್ಸೆಂಟ್ ಅಲ್ಲ, 95 ಬಂದರೆ ಖುಷಿಪಡುವ ಹಾಗಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅಂದರೆ ಸಿಡಿಸಿ 2000ದಲ್ಲಿ ಹೊರತಂದ ಚಾರ್ಟ್‌ನಲ್ಲಿ 5ಕ್ಕಿಂತ ಕೆಳಗೆ ತೂಕ ಕಡಿಮೆ, 85ರಿಂದ ಜಾಸ್ತಿ, 95ರಿಂದ ಬೊಜ್ಜು. ಈ ಚಾರ್ಟ್‌ನಲ್ಲಿ ಬಿಎಂಐ 23 ಇರುವ 10 ವರ್ಷದ ಹುಡುಗ ಬೊಜ್ಜಿನ ಸಾಲಿಗೆ ಸೇರುತ್ತಾನೆ. ಅದೇ 23 ಇರುವ 15 ವರ್ಷದ ಹುಡುಗನ ತೂಕ ಸರಿಯಾಗಿದೆ.

ಇಲ್ಲೂ ಒಂದು ತೊಡಕಿದೆ. ಹೋಲಿಕೆಗೆ ತೆಗೆದುಕೊಂಡ ಆ ನೂರು ಮಕ್ಕಳು ಯಾರು? ಸಿಡಿಸಿ ಚಾರ್ಟ್‌ನಲ್ಲಿ ಆರು ದಾಟಿದ ಮಕ್ಕಳ ಅಳತೆಗಳು ಬಹುಪಾಲು 1963ರಿಂದ 1980ರ ನಡುವೆ ತೆಗೆದವು. ಈಗಿನ ಮಕ್ಕಳನ್ನು ಆಗಿನ ಮಕ್ಕಳ ಜೊತೆ ಹೋಲಿಸುತ್ತಿದ್ದೇವೆ, ಆದ್ದರಿಂದಲೇ ಒಂದು ಕ್ಲಾಸಿನಲ್ಲಿ 95ಕ್ಕಿಂತ ಮೇಲಿರುವವರು ನೂರಕ್ಕೆ ಐದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗೆ ಬೇರೆ ಚಾರ್ಟ್ ತಂದಿತು, ಅದರ ಗೆರೆಗಳು ಬೇರೆ. 10 ವರ್ಷದ ಹುಡುಗನ ಬಿಎಂಐ 19 ಅಂದುಕೊಳ್ಳಿ. ಸಿಡಿಸಿ ಗೆರೆ 19.4ರಲ್ಲಿದೆ, ಹಾಗಾಗಿ ಅವನು ಸರಿಯಾಗಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 18.5ರಲ್ಲಿದೆ, ಹಾಗಾಗಿ ತೂಕ ಜಾಸ್ತಿ. ಹುಡುಗ ಬದಲಾಗಲಿಲ್ಲ. ಕಂಪ್ಯೂಟರಿಗೆ ಯಾರು ಯಾವ ಚಾರ್ಟ್ ಹಾಕಿದ್ದರು ಅನ್ನುವುದಷ್ಟೇ ಬದಲಾಯಿತು.

ಒಂದು ಸೆಂಟಿಮೀಟರ್ ಸಾಕು

ಮೇಲೆ ಹೇಳಿದ 1.40 ಮೀಟರ್, 36 ಕೆ.ಜಿ. ಹುಡುಗನಿಗೆ ಹತ್ತು ವರ್ಷ ಎಂದಿಟ್ಟುಕೊಳ್ಳಿ. ಬಿಎಂಐ 18.4, ವಿಶ್ವ ಆರೋಗ್ಯ ಸಂಸ್ಥೆಯ 18.5ರ ಗೆರೆಯ ಈಚೆ ಇದ್ದಾನೆ. ಗೋಡೆಗೆ ನಿಂತಾಗ ಸ್ವಲ್ಪ ಬೆನ್ನು ಬಗ್ಗಿಸಿದ, ಎತ್ತರ 139 ಸೆಂಟಿಮೀಟರ್ ಎಂದು ಬಂತು. ಬಿಎಂಐ 18.6 ಆಯಿತು, ಗೆರೆ ದಾಟಿದ. ಸರಿಯಾಗಿ ನಿಂತ, ಆದರೆ ಸ್ವೆಟರ್ ಹಾಕಿಕೊಂಡು ಊಟ ಮಾಡಿ ಬಂದು ಅರ್ಧ ಕೆ.ಜಿ. ಜಾಸ್ತಿ ತೂಗಿದ. ಆಗಲೂ 18.6. ಮನೆಗೆ ಹೋಗುವ ಪತ್ರದಲ್ಲಿ 'ನಿಮ್ಮ ಮಗನ ತೂಕ ಜಾಸ್ತಿ' ಎಂದು ಇರುತ್ತದೆ. ಬೆನ್ನು ಬಗ್ಗಿಸಿದ್ದು ಪತ್ರದಲ್ಲಿ ಇರುವುದಿಲ್ಲ.

ಎತ್ತರ ಅಳೆಯುವುದು ನಾವು ಅಂದುಕೊಂಡಷ್ಟು ಸಲೀಸಲ್ಲ. ಚಪ್ಪಲಿ ಶೂ ಬಿಚ್ಚಬೇಕು. ಹಿಮ್ಮಡಿ ಗೋಡೆಗೆ ತಾಗಬೇಕು, ಕಣ್ಣು ನೇರ ಮುಂದೆ ನೋಡಬೇಕು, ತಲೆಯ ಮೇಲಿನ ಪಟ್ಟಿ ಕೂದಲನ್ನು ಒತ್ತಿ ನೆತ್ತಿಗೆ ಕೂರಬೇಕು. ಎತ್ತಿ ಕಟ್ಟಿದ ಜುಟ್ಟಿದ್ದರೆ ಬಿಚ್ಚಬೇಕು. ತೂಕದ ಯಂತ್ರ ಗಟ್ಟಿ ನೆಲದ ಮೇಲಿರಬೇಕು, ಮೈದಾನದ ಮಣ್ಣಿನ ಮೇಲೋ ಮೆತ್ತನೆಯ ಮ್ಯಾಟ್ ಮೇಲೋ ಇಟ್ಟರೆ ಅದು ಬಾಯಿಗೆ ಬಂದ ತೂಕ ಹೇಳುತ್ತದೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಒಬ್ಬರೇ ಮೇಷ್ಟ್ರು ನಲವತ್ತು ಮಕ್ಕಳಿಗೆ ಇಷ್ಟೆಲ್ಲ ಮಾಡಲು ಆಗುತ್ತಾ? ಅವರನ್ನು ಬೈದು ಪ್ರಯೋಜನವಿಲ್ಲ.

ಅಳತೆ ಸರಿಯಾಗಿಯೇ ಬಂತು ಅಂದುಕೊಳ್ಳೋಣ. ಆಗಲೂ ಅದು ಕೊಬ್ಬಿನ ಬಗ್ಗೆ ಒಂದು ಅಂದಾಜು ಮಾತ್ರ. ಮಕ್ಕಳ ಬಿಎಂಐಯನ್ನು ಕೊಬ್ಬಿನ ನೇರ ಅಳತೆಗಳ ಜೊತೆ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಬಂತು. ಮೈಯಲ್ಲಿ ನಿಜಕ್ಕೂ ಕೊಬ್ಬು ಜಾಸ್ತಿ ಇರುವ ನೂರು ಮಕ್ಕಳಲ್ಲಿ ಬಿಎಂಐ ಹಿಡಿಯುವುದು ಸುಮಾರು 73 ಮಕ್ಕಳನ್ನು. ಉಳಿದ 27 ಮಕ್ಕಳು ನುಣುಚಿಕೊಳ್ಳುತ್ತಾರೆ. ಕೊಬ್ಬು ಜಾಸ್ತಿ ಇಲ್ಲದ ನೂರು ಮಕ್ಕಳಲ್ಲಿ ಸುಮಾರು 7 ಮಕ್ಕಳಿಗೆ 'ಕೊಬ್ಬು ಜಾಸ್ತಿ' ಎಂಬ ಸುಳ್ಳು ಚೀಟಿ ಅಂಟುತ್ತದೆ. ಬಿಎಂಐ ಅಂದಕೂಡಲೇ ಜನ ಹೇಳುವುದು ಕಟ್ಟುಮಸ್ತಾದ ಆಟಗಾರನಿಗೆ ಬೊಜ್ಜು ಎಂದು ಬರುವ ಕಥೆಯನ್ನೇ. ಮಕ್ಕಳಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಆ 27. ಸಣಕಲಾಗಿ ಕಾಣುವ, ಆಟದ ಮೈದಾನದ ಕಡೆ ತಲೆಹಾಕದ ಮಗು 'ಓಕೆ' ಅನ್ನಿಸಿಕೊಂಡು ಹೋಗಿಬಿಡುತ್ತದೆ.

ಮತ್ತೆ ಪ್ರಾಯಕ್ಕೆ ಬರುವ ವಯಸ್ಸು. ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ದಿಢೀರ್ ಎಂದು ಎತ್ತರ ಬೆಳೆಯುತ್ತಾರೆ. ಇದು ಸರಾಸರಿ. ಒಬ್ಬೊಬ್ಬರಿಗೆ ಎರಡು ವರ್ಷ ಹಿಂದೆ ಮುಂದೆ ಆಗುವುದು ಮಾಮೂಲಿ. ಏಳನೇ ಕ್ಲಾಸಿನ ಒಂದೇ ಬೆಂಚಿನಲ್ಲಿ ಒಬ್ಬಳು ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತಾಳೆ, ಪಕ್ಕದವಳು ಇನ್ನೂ ಚಿಕ್ಕ ಹುಡುಗಿ. ಈ ವಯಸ್ಸಿನಲ್ಲಿ ಹುಡುಗಿಯರ ಮೈಯಲ್ಲಿ ಕೊಬ್ಬು ಹೆಚ್ಚುವುದು ಬೆಳವಣಿಗೆಯ ಭಾಗವೇ. ಚಾರ್ಟ್‌ಗೆ ಗೊತ್ತಿರುವುದು ಹುಟ್ಟಿದ ದಿನಾಂಕ ಮಾತ್ರ. ಬೇಗ ಬೆಳೆದ ಹುಡುಗಿಗೆ ಅದು 'ಜಾಸ್ತಿ' ಅನ್ನುತ್ತದೆ, ತನ್ನ ಮೈಯ ಬಗ್ಗೆ ಅವಳಿಗೆ ಅತಿ ಹೆಚ್ಚು ಸಂಕೋಚ ಇರುವ ವಯಸ್ಸಿನಲ್ಲೇ.

ಶಾಲೆಯೊಳಗೆ ಬಂದದ್ದು ಹೇಗೆ

ಅಮೆರಿಕದ ಡಲ್ಲಾಸ್‌ನ ಕೂಪರ್ ಇನ್‌ಸ್ಟಿಟ್ಯೂಟ್ 1982ರಲ್ಲಿ 'ಫಿಟ್‌ನೆಸ್‌ಗ್ರಾಂ' ಶುರು ಮಾಡಿತು. ಮಕ್ಕಳ ಓಟ, ಶಕ್ತಿ, ಬಾಗುವಿಕೆ ಎಲ್ಲದರ ವರದಿ ಕೊಡುವ ಪರೀಕ್ಷೆ ಅದು. ಅದರಲ್ಲಿ ದೇಹದ ರಚನೆ ಅನ್ನುವ ಒಂದು ಭಾಗವೂ ಇತ್ತು. ಚರ್ಮ ಚಿವುಟಿ ಕೊಬ್ಬಿನ ದಪ್ಪ ಅಳೆಯುವ ದಾರಿ ಅಲ್ಲಿತ್ತು, ಬಿಎಂಐ ಕೂಡ ಇತ್ತು. ಚಿವುಟುವುದಕ್ಕೆ ತರಬೇತಿ ಬೇಕು, ಮುಜುಗರ ಬೇರೆ. ಬಿಎಂಐ ಸುಲಭ. ಭಾರತದ ಖೇಲೋ ಇಂಡಿಯಾ ಶಾಲಾ ಫಿಟ್‌ನೆಸ್ ಪರೀಕ್ಷೆಯಲ್ಲೂ ಅದಿದೆ: ಚಿಕ್ಕ ಮಕ್ಕಳಿಗೆ ಒಂಟಿಕಾಲಲ್ಲಿ ನಿಲ್ಲುವ ಫ್ಲೆಮಿಂಗೊ ಪರೀಕ್ಷೆ, ಎರಡು ತಟ್ಟೆಗಳನ್ನು ಕೈಯಿಂದ ಬೇಗಬೇಗ ಮುಟ್ಟುವ ಪ್ಲೇಟ್ ಟ್ಯಾಪಿಂಗ್, ಮತ್ತು ಬಿಎಂಐ.

ಇನ್ನೊಂದು ದಾರಿ ಆರೋಗ್ಯ ಇಲಾಖೆಗಳ ಕಡೆಯಿಂದ ಬಂತು. ಅಮೆರಿಕದ ಅರ್ಕಾನ್ಸಾಸ್ ರಾಜ್ಯ 2003ರ ಕಾಯ್ದೆಯಡಿ ಶಾಲೆಗಳಲ್ಲಿ ಮಕ್ಕಳ ಬಿಎಂಐ ಅಳೆದು ಮನೆಗೆ ವರದಿ ಕಳಿಸಲು ಶುರು ಮಾಡಿತು. ಪ್ರತಿ ವರ್ಷ ಎಲ್ಲ ತರಗತಿಗೂ ಅಂತಿದ್ದದ್ದು 2007ರಲ್ಲಿ ಒಂದು ಬಿಟ್ಟು ಒಂದು ತರಗತಿಗೆ ಇಳಿಯಿತು. ಇಂಗ್ಲೆಂಡ್ 2005-06ರಿಂದ 4-5 ಮತ್ತು 10-11 ವರ್ಷದ ಮಕ್ಕಳನ್ನು ಅಳೆಯುತ್ತಿದೆ. ಅಲ್ಲಿ ಅಳೆಯುವುದು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ, ಅದೂ ಬೇರೆಯವರಿಗೆ ಕಾಣದ ಜಾಗದಲ್ಲಿ. ಅಂಕೆ ಮೇಷ್ಟ್ರಿಗೂ ಹೋಗುವುದಿಲ್ಲ, ಬೇರೆ ಮಕ್ಕಳಿಗೂ ಹೋಗುವುದಿಲ್ಲ. ಬೇಡ ಅಂದರೆ ಪೋಷಕರು ಹಿಂದೆ ಸರಿಯಬಹುದು. ಪಿ.ಟಿ. ಪೀರಿಯಡ್‌ಗೂ ಇದಕ್ಕೂ ಸಂಬಂಧವಿಲ್ಲ.

ಅಳೆದು ಮನೆಗೆ ತಿಳಿಸಿದರೆ ಏನಾದರೂ ಬದಲಾಗುತ್ತಾ? ಮನೆಯವರಿಗೆ ತಮ್ಮ ಮಗು ದಪ್ಪವಾಗಿದೆ ಅನ್ನುವುದು ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ತಿಳಿಸಿದರೆ ಒಳ್ಳೆಯದಾಗಬಹುದು ಅನ್ನುವುದು ನ್ಯಾಯವಾದ ಊಹೆಯೇ. ಅದನ್ನು ಕ್ಯಾಲಿಫೋರ್ನಿಯಾದಲ್ಲಿ 2014ರಿಂದ 2017ರವರೆಗೆ ಪರೀಕ್ಷಿಸಿ ನೋಡಿದರು. 79 ಶಾಲೆಗಳು, 3ರಿಂದ 8ನೇ ತರಗತಿಯ ಸುಮಾರು 29,000 ಮಕ್ಕಳು. ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಅಳೆದು ಮನೆಗೆ ವರದಿ ಕಳಿಸಿದರು, ಒಂದರಲ್ಲಿ ಅಳೆದು ಸುಮ್ಮನಾದರು, ಒಂದರಲ್ಲಿ ಬಿಎಂಐ ಅಳೆಯಲೇ ಇಲ್ಲ. ವರದಿ ಹೋದ ಮಕ್ಕಳ ತೂಕದಲ್ಲಿ ಏನೂ ಫರಕು ಕಾಣಲಿಲ್ಲ. ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಲ್ಲಿ ತಮ್ಮ ತೂಕದ ಬಗ್ಗೆ ಬೇಸರ ಮಾತ್ರ ಉಳಿದವರಿಗಿಂತ ಹೆಚ್ಚಿತು. 2016ರಲ್ಲಿ ಬಂದ ನ್ಯೂಯಾರ್ಕ್ ನಗರದ ಅಧ್ಯಯನವೊಂದು 'ತೂಕ ಜಾಸ್ತಿ' ಗೆರೆಯನ್ನು ಕೂದಲೆಳೆಯಷ್ಟು ದಾಟಿದ ಹುಡುಗಿಯರನ್ನೂ ಸ್ವಲ್ಪದರಲ್ಲಿ ದಾಟದೆ ಉಳಿದವರನ್ನೂ ಹೋಲಿಸಿತು. ಚೀಟಿ ಅಂಟಿದವರ ತೂಕ ಅದರಿಂದ ಇಳಿಯಲಿಲ್ಲ. ಕ್ಯಾಲಿಫೋರ್ನಿಯಾ ಆಮೇಲೆ ತನ್ನ ಶಾಲಾ ಫಿಟ್‌ನೆಸ್ ಪರೀಕ್ಷೆಯಿಂದ ದೇಹದ ರಚನೆಯ ಭಾಗವನ್ನೇ ತೆಗೆದುಹಾಕಿತು.

ಹೋಗಲಿ, ಬೇಸರವಾದರೆ ಆಗಲಿ, ಮಗು ಎಚ್ಚೆತ್ತುಕೊಳ್ಳುತ್ತಲ್ವಾ ಎಂದು ಕೇಳುವವರಿದ್ದಾರೆ. ಬೇಸರಪಟ್ಟ ಹನ್ನೆರಡು ವರ್ಷದ ಹುಡುಗಿ ಮಾಡುವ ಮೊದಲ ಕೆಲಸ ಊಟ ಬಿಡುವುದು. ಅಮೆರಿಕದ ಮಿನ್ನೆಸೋಟಾದಲ್ಲಿ ಹದಿಹರೆಯದವರನ್ನು 5 ವರ್ಷ ಹಿಂಬಾಲಿಸಿದ ಪ್ರಾಜೆಕ್ಟ್ ಈಟ್ ಅನ್ನುವ ಅಧ್ಯಯನದಲ್ಲಿ, ಡಯಟ್ ಮಾಡಿದವರು ಮತ್ತು ಊಟ ಬಿಡುವಂಥ ಕೆಟ್ಟ ದಾರಿ ಹಿಡಿದವರು ಐದು ವರ್ಷದ ಬಳಿಕ ದಪ್ಪಗಾಗಿರುವ ಸಾಧ್ಯತೆಯೇ ಜಾಸ್ತಿ ಎಂದು ಕಂಡುಬಂತು. ಊಟವನ್ನೇ ಬಿಡುವ, ಇಲ್ಲವೇ ಮಿತಿಮೀರಿ ತಿನ್ನುವಂಥ ಊಟದ ಕಾಯಿಲೆಗಳ ಅಪಾಯವೂ ಅವರಿಗೇ ಜಾಸ್ತಿ ಇತ್ತು.

ಹಾಗಾದರೆ ಬಿಎಂಐ ಎಲ್ಲಿ ಬೇಕು? ಎರಡು ಕಡೆ. ಒಂದು, ಲೆಕ್ಕ ಇಡುವವರಿಗೆ. ಒಂದು ಊರಿನ ಸಾವಿರಾರು ಮಕ್ಕಳ ಅಂಕೆಗಳನ್ನು ಹೆಸರಿಲ್ಲದೆ ಒಟ್ಟು ಸೇರಿಸಿದರೆ, ಸಣಕಲು ಮಕ್ಕಳು ಹೆಚ್ಚುತ್ತಿದ್ದಾರಾ, ಬೊಜ್ಜು ಹೆಚ್ಚುತ್ತಿದೆಯಾ ಅನ್ನುವುದು ತಿಳಿಯುತ್ತದೆ. ಅಲ್ಲಿ ಒಬ್ಬ ಬೆನ್ನು ಬಗ್ಗಿಸಿದ, ಇನ್ನೊಬ್ಬ ಸ್ವೆಟರ್ ಹಾಕಿದ ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಎರಡು, ಡಾಕ್ಟರ್ ಹತ್ತಿರ. ಅವರಿಗೆ ಅದು ಮೊದಲ ಜರಡಿ. ಜರಡಿಯಲ್ಲಿ ಸಿಕ್ಕಿದ್ದನ್ನು ಮುಂದೆ ನೋಡುವ ತಿಳಿವಳಿಕೆ, ಸಲಕರಣೆ ಅವರಲ್ಲಿ ಇರುತ್ತದೆ.

ಪಿ.ಟಿ. ಪೀರಿಯಡ್‌ನಲ್ಲಿ ಎರಡೂ ಇಲ್ಲ. ಅಲ್ಲಿನ ಉಳಿದ ಪರೀಕ್ಷೆಗಳು ಮಗು ಏನು ಮಾಡಬಲ್ಲದು ಎಂದು ಕೇಳುತ್ತವೆ. ಇಪ್ಪತ್ತು ಮೀಟರ್ ಗೆರೆಗಳ ನಡುವೆ ಬೀಪ್ ಶಬ್ದಕ್ಕೆ ಓಡುವ ಪರೀಕ್ಷೆಯಲ್ಲಿ ಈ ಸಲ ಹದಿನೆಂಟು ಸುತ್ತು ಓಡಿದವಳು ಮೂರು ತಿಂಗಳು ಅಭ್ಯಾಸ ಮಾಡಿದರೆ ಇಪ್ಪತ್ತೈದು ಓಡಬಹುದು. ಪುಶ್-ಅಪ್ ಮೂರರಿಂದ ಎಂಟಕ್ಕೆ ಹೋಗಬಹುದು. ಬಿಎಂಐಗೆ ಅಭ್ಯಾಸ ಅನ್ನುವುದೇ ಇಲ್ಲ. ಅದೂ ಅಲ್ಲದೆ ನಿಯಮಿತವಾಗಿ ಓಡಿ ಆಡುವ ಮಗುವಿಗೆ ಉಸಿರು ಗಟ್ಟಿಯಾಗುತ್ತದೆ, ರಕ್ತದೊತ್ತಡ ಸುಧಾರಿಸುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಬಿಎಂಐ ಮಾತ್ರ ಅಲ್ಲಾಡದೆ ಇರಬಹುದು. ಹಾಳೆಯಲ್ಲಿ ಎಲ್ಲಾ ಕಾಲಂ ಮುಂದೆ ಹೋಗಿ ಒಂದೇ ಒಂದು ಕಾಲಂ ಕೆಂಪಾಗಿದ್ದರೆ, ಮಗುವಿನ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ ಹೇಳಿ. ತೂಕ ಇರುವ ಮಕ್ಕಳು ಗುಂಡು ಎಸೆಯುವುದರಲ್ಲಿ, ಮುಷ್ಟಿ ಬಿಗಿಯಲ್ಲಿ ಎಷ್ಟೋ ಸಲ ಮುಂದಿರುತ್ತಾರೆ. ಅಂಥ ಪರೀಕ್ಷೆ ಒಂದನ್ನು ಸೇರಿಸಿದರೆ ಬಿಎಂಐ ತೆಗೆದ ಜಾಗ ತುಂಬುತ್ತದೆ.

ಬಿಎಂಐ ಏನು ಅಂತ ಪಾಠ ಮಾಡಲೇಬೇಕಿದ್ದರೆ, ಮಾಡಿ. ಆದರೆ ಮಕ್ಕಳ ತೂಕ ಬೇಡ. ಬೋರ್ಡಿನ ಮೇಲೆ ಊಹೆಯ ಇಬ್ಬರನ್ನು ಬರೆದು ಲೆಕ್ಕ ಹಾಕಿಸಿ, ಅದೇ 18.5ನ್ನು ಎರಡು ಚಾರ್ಟ್‌ನಲ್ಲಿ ಹುಡುಕಿಸಿ. ಒಳ್ಳೆಯ ಗಣಿತದ ಪಾಠವೂ ಆಗುತ್ತದೆ. ಮೇಲಿನ ಆದೇಶದಿಂದ ಅಳೆಯಲೇಬೇಕು ಅಂತಿದ್ದರೆ, ಪೀರಿಯಡ್ ಬಿಟ್ಟು ಬೇರೆ ಹೊತ್ತಿನಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು ಅಳೆಯಿರಿ. ಮಗು ಯಂತ್ರದ ಅಂಕೆಗೆ ಬೆನ್ನು ಮಾಡಿ ನಿಲ್ಲಬಹುದು. ಮನೆಯವರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಬರೆದುಕೊಳ್ಳುವ ಕೆಲಸ ಇನ್ನೊಬ್ಬ ಹುಡುಗನಿಗೆ ಕೊಡಬೇಡಿ.

ಮನೆಗೆ ಪತ್ರ ಬಂದೇಬಿಟ್ಟಿದೆ ಅನ್ನಿ. ಮೊದಲು ಅಂಕೆಯ ಪಕ್ಕ ಮಗುವಿನ ವಯಸ್ಸು, ಪರ್ಸೆಂಟೈಲ್, ಯಾವ ಚಾರ್ಟ್ ಅನ್ನುವುದು ಇದೆಯಾ ನೋಡಿ. ಇಲ್ಲದಿದ್ದರೆ ಆ ಅಂಕೆಯಿಂದ ಏನೂ ತಿಳಿಯುವುದಿಲ್ಲ. ಇದ್ದರೆ ಮನೆಯಲ್ಲಿ ಶೂ ಬಿಚ್ಚಿಸಿ ಎತ್ತರ ಇನ್ನೊಮ್ಮೆ ಅಳೆಯಿರಿ. ಹಳೆಯ ಅಳತೆಗಳು ಎಲ್ಲಾದರೂ ಬರೆದಿದ್ದರೆ ಹುಡುಕಿ. ಮೂರು ವರ್ಷದಿಂದ 80ರ ಆಸುಪಾಸಿನಲ್ಲೇ ಇರುವ ಮಗುವಿಗೂ, ಒಂದೇ ವರ್ಷದಲ್ಲಿ 50ರಿಂದ 90ಕ್ಕೆ ಹಾರಿದ ಮಗುವಿಗೂ ವ್ಯತ್ಯಾಸವಿದೆ. 40ರಿಂದ 5ಕ್ಕೆ ಕುಸಿದ ಮಗುವನ್ನು ಇನ್ನೂ ಬೇಗ ಡಾಕ್ಟರಿಗೆ ತೋರಿಸಬೇಕು. ಪತ್ರದ ಭಯದಲ್ಲಿ ಜನ ಮರೆಯುವುದು ಇದನ್ನೇ. ಡಾಕ್ಟರು ರಕ್ತದೊತ್ತಡ ನೋಡುತ್ತಾರೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ ಎಂದು ಕೇಳುತ್ತಾರೆ, ಮಗು ಗೊರಕೆ ಹೊಡೆಯುತ್ತಾ ಎಂದು ಕೇಳುತ್ತಾರೆ, ಬೇಕಾದರೆ ರಕ್ತ ಪರೀಕ್ಷೆ ಬರೆಯುತ್ತಾರೆ. ದಪ್ಪಗಿರುವ ಎಷ್ಟೋ ಮಕ್ಕಳಿಗೆ ಅವರು ಹೇಳುವುದು ತೂಕ ಇಳಿಸಿ ಅಂತಲೂ ಅಲ್ಲ. ತೂಕ ಇದ್ದಲ್ಲೇ ಇರಲಿ, ಎತ್ತರ ಬೆಳೆದು ಸರಿಹೋಗುತ್ತದೆ ಅನ್ನುತ್ತಾರೆ.

ಪತ್ರವನ್ನು ಮಗುವಿನ ಬ್ಯಾಗಿನಲ್ಲಿ ಇಟ್ಟು ಕಳಿಸುವ ಶಾಲೆಯಾದರೆ, ಮುಂದಿನ ಸಲ ಅಂಚೆಯಲ್ಲಿ ಕಳಿಸಿ ಎಂದು ಹೇಳಿ. ಆ ಕವರನ್ನು ಮಕ್ಕಳು ದಾರಿಯಲ್ಲೇ ಒಡೆದು ನೋಡಿರುತ್ತಾರೆ.